ತನ್ನಷ್ಟಕ್ಕೆ ಕಳಚಿಕೊಳ್ಳುವ ಪೆನ್‌ಡ್ರೈವು

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಈ ವಿಷಯವನ್ನು ಕುರಿತು ಬರೆಯುವುದಕ್ಕೆ ನಾನು ಅಧಿಕಾರಿಯಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಮೇಲು. ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ; ತಂದೆಯವರದು ಗಾರೆ ಕೆಲಸ. ಗಣಕಯಂತ್ರವನ್ನು ನಾನು ಮೊದಲು ಮುಟ್ಟಿದ್ದೇ ಇಲ್ಲಿಗೆ ಬಂದ ಮೇಲೆ. ಆದರೂ ಈ ವರ್ಷ ಒಂದು ಪೆನ್‌ಡ್ರೈವು ನನಗೆ ಕಲಿಸಿದ ಪಾಠ ಯಾವ ಪಠ್ಯಪುಸ್ತಕದಲ್ಲಿಯೂ ಸಿಕ್ಕದ್ದಾದುದರಿಂದಲೂ, ಅದೇ ಕಷ್ಟಕ್ಕೆ ಸಿಕ್ಕಿಕೊಂಡ ಸಹಪಾಠಿಗಳು ಇನ್ನೂ ನಾಲ್ಕೈದು ಮಂದಿ ಇರುವುದರಿಂದಲೂ, ಧೈರ್ಯಮಾಡಿ ಬರೆಯುತ್ತಿದ್ದೇನೆ. ಬಲ್ಲವರು ತಪ್ಪು ಕಂಡರೆ ತಿದ್ದಬೇಕು.

ನನ್ನ ಪ್ರಬಂಧದ ವಿಷಯ ನಮ್ಮೂರ ಕೆರೆ. ಆ ಕೆರೆಯ ತೂಬನ್ನು ನಲವತ್ತು ವರ್ಷ ಎತ್ತಿ ಇಳಿಸಿದ ನೀರುಗಂಟಿ ತಾತ ಇನ್ನೂ ಇದ್ದಾನೆ. ಅವನಿಗೆ ಕಣ್ಣು ಮಂಜು. ಮಾತು ಮಾತ್ರ ಗಟ್ಟಿ. ನಾನೂ ನನ್ನ ತಮ್ಮನೂ ಹಂಚಿಕೊಂಡಿರುವ ಮೊಬೈಲಿನಲ್ಲಿ ಅವನ ಮಾತನ್ನು ಹನ್ನೊಂದು ಕಡತಗಳಾಗಿ ಹಿಡಿದಿಟ್ಟುಕೊಂಡಿದ್ದೆ. ಅವುಗಳಲ್ಲಿ ಒಂದು ೨೨ ನಿಮಿಷದ್ದು. ಬರಗಾಲದ ಒಂದು ವರ್ಷ ಮೇಲಿನ ಗದ್ದೆಯವರಿಗೂ ಕೆಳಗಿನ ಗದ್ದೆಯವರಿಗೂ ಸರದಿಯ ಮೇಲೆ ನೀರು ಹಂಚಿದ ವೃತ್ತಾಂತ ಅದರಲ್ಲಿತ್ತು. ಮೊಬೈಲಿನ ಕಾರ್ಡು ತುಂಬಿಹೋದಾಗ ಕಡತಗಳನ್ನೆಲ್ಲ ಕಾಲೇಜಿನ ಗಣಕಯಂತ್ರಕ್ಕೆ ಹಾಕಿ, ಅಲ್ಲಿಂದ ಪೆನ್‌ಡ್ರೈವಿಗೆ ನಕಲು ಮಾಡಿದೆ. ಪರದೆಯ ಮೇಲೆ ಹಸಿರು ಪಟ್ಟಿ ಕೊನೆಯವರೆಗೂ ಓಡಿ, ಕೆಲಸ ಮುಗಿಯಿತೆಂದು ತಿಳಿಸಿತು. ಸಾರ್ವಜನಿಕ ಯಂತ್ರದಲ್ಲಿ ಸ್ವಂತ ಕಡತ ಉಳಿಸಬಾರದೆಂಬುದು ಆ ಕೊಠಡಿಯ ನಿಯಮ, ಅಲ್ಲಿದ್ದುದನ್ನು ಅಳಿಸಿದೆ. ಮೊಬೈಲಿನಲ್ಲಿದ್ದುದನ್ನೂ ಅಳಿಸಿದೆ. ಇಷ್ಟಾಗುವಷ್ಟರಲ್ಲಿ ಪೆನ್‌ಡ್ರೈವಿನ ಕಿಟಕಿ ತಾನಾಗಿ ಮುಚ್ಚಿಕೊಂಡಿತು. ಚಿತ್ರಿಕೆ ಮಾಯವಾಯಿತು. ನಾನು ಡ್ರೈವನ್ನು ಕೀಳಲಿಲ್ಲ, ಮುಟ್ಟಲೂ ಇಲ್ಲ. ಎರಡು ಮೂರು ಕ್ಷಣ ಕಳೆದು ಚಿತ್ರಿಕೆ ಮತ್ತೆ ಬಂದಿತು. ತೆರೆದು ನೋಡಿದರೆ ಹನ್ನೊಂದು ಹೆಸರುಗಳೂ ಇದ್ದವು; ಆದರೆ ಮೂರರ ಮುಂದೆ ಗಾತ್ರ ಸೊನ್ನೆ ಎಂದಿತ್ತು.

ನಮ್ಮ ಗಣಕ ಕೊಠಡಿಯ ಯಂತ್ರಗಳಲ್ಲಿರುವುದು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ. ಲಿನಕ್ಸಿಗೆ ಪೆನ್‌ಡ್ರೈವೆಂದರೆ ಆಗುವುದಿಲ್ಲ, ಕಚ್ಚಿ ಉಗುಳುತ್ತದೆ ಎಂದು ಹುಡುಗರು ಹೇಳುವುದನ್ನು ಕೇಳಿದ್ದೆ. ನಾನೂ ಹಾಗೆಯೇ ನಂಬಿ ಅದನ್ನು ಶಪಿಸಿದೆ. ಈ ಲಿನಕ್ಸನ್ನು ೧೯೯೧ರಲ್ಲಿ ಆರಂಭಿಸಿದಾತ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್. ಆಗ ಆತನಿಗೆ ಇಪ್ಪತ್ತೊಂದು ವರ್ಷ, ಎಂದರೆ ಹೆಚ್ಚುಕಡಿಮೆ ನಮ್ಮ ಓರಗೆಯವನೇ. ಅಂಥವನನ್ನು ಶಪಿಸಿದ್ದು ಅನ್ಯಾಯವೆಂದು ತಿಳಿಯುವುದಕ್ಕೆ ನನಗೆ ಎರಡು ವಾರ ಹಿಡಿಯಿತು.

ರೋಗದ ಮೂಲ ತಿಳಿಯಬೇಕಾದರೆ ಆರೋಗ್ಯ ಯಾವುದೆಂದು ಮೊದಲು ತಿಳಿದಿರಬೇಕಷ್ಟೆ. ವಿಂಡೋಸ್ ಬಳಸಿದವರಿಗೆ ಡ್ರೈವುಗಳೆಂದರೆ ಬೇರೆ ಬೇರೆ ಕೋಣೆಗಳು: ಸಿ ಒಂದು, ಡಿ ಒಂದು, ಪೆನ್‌ಡ್ರೈವಿಗೆ ಇ ಅಥವಾ ಎಫ್. ಲಿನಕ್ಸಿನಲ್ಲಿ ಹಾಗಿಲ್ಲ. ಅಲ್ಲಿರುವುದು ಒಂದೇ ಮರ. ಬೇರಿನಿಂದ ಕೊಂಬೆ, ಕೊಂಬೆಯಿಂದ ರೆಂಬೆ ಎಂಬಂತೆ ಕಡತಕೋಶಗಳು ಹರಡಿರುತ್ತವೆ. ಹೊರಗಿನಿಂದ ಬಂದ ಪೆನ್‌ಡ್ರೈವನ್ನು ಆ ಮರದ ಒಂದು ರೆಂಬೆಗೆ ಕಸಿ ಕಟ್ಟಿದ ಹಾಗೆ ಕಟ್ಟುತ್ತಾರೆ. ಹೀಗೆ ಕಟ್ಟುವುದಕ್ಕೆ ಮೌಂಟ್ ಎಂದೂ, ಬಿಚ್ಚುವುದಕ್ಕೆ ಅನ್‌ಮೌಂಟ್ ಎಂದೂ ಹೆಸರು. ಆರೋಹಣ, ಅವರೋಹಣ ಎಂದು ಕನ್ನಡಿಸಬಹುದು. ಆದರೆ ಸಂಗೀತ ಬಲ್ಲ ಮಿತ್ರರು ನಕ್ಕಾರೆಂದು ನಾನು ಮೌಂಟ್ ಎಂದೇ ಬರೆಯುತ್ತೇನೆ. ಈ ಪದ್ಧತಿ ಲಿನಕ್ಸಿಗಿಂತ ಇಪ್ಪತ್ತು ವರ್ಷ ಹಿರಿಯದು. ಅದರ ಪೂರ್ವಜನಾದ ಯುನಿಕ್ಸಿನ ೧೯೭೧ರ ಮೊದಲ ಕೈಪಿಡಿಯಲ್ಲಿಯೇ ಎರಡು ಆಜ್ಞೆಗಳೂ ಇವೆ. ಬಿಚ್ಚುವ ಆಜ್ಞೆಯ ಹೆಸರು ಮಾತ್ರ ‘ಯುಮೌಂಟ್’. ಅನ್‌ಮೌಂಟ್‌ನ ನಡುವಿನ ಎನ್ ಅಕ್ಷರವನ್ನು ಅಂದು ಬಿಟ್ಟವರು ಇಂದಿಗೂ ಸೇರಿಸಿಲ್ಲ. ನಾನು ಎನ್ ಸೇರಿಸಿ ಟೈಪುಮಾಡಿ, ಅಂಥ ಆಜ್ಞೆಯೇ ಇಲ್ಲವೆಂದು ಯಂತ್ರದಿಂದ ಹೇಳಿಸಿಕೊಂಡದ್ದು ಎಷ್ಟು ಸಲವೋ.

ಪೆನ್‌ಡ್ರೈವನ್ನು ಚುಚ್ಚಿದ ಕೂಡಲೆ ಅದು ಪರದೆಯ ಮೇಲೆ ಕಾಣುತ್ತದೆಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ಮೂರು ನಾಲ್ಕು ಕೈ ದಾಟಿ ಬರುತ್ತದೆ. ಮೊದಲು ಕರ್ನೆಲ್, ಎಂದರೆ ಲಿನಕ್ಸಿನ ತಿರುಳು, ಯುಎಸ್‌ಬಿ ಕಿಂಡಿಯಲ್ಲಿ ಹೊಸ ಸಾಧನ ಬಂದಿತೆಂದು ಗುರುತಿಸಿ ಅದಕ್ಕೆ ‘ಎಸ್‌ಡಿಬಿ’ ಎಂಬಂಥ ಹೆಸರಿಡುತ್ತದೆ. ಯುಡೆವ್ ಎಂಬ ಕಾರ್ಯಕ್ರಮ ಆ ಸಾಧನದ ಗುಣಲಕ್ಷಣಗಳನ್ನು ದಾಖಲುಮಾಡುತ್ತದೆ. ಯುಡಿಸ್ಕ್ಸ್ ಎಂಬ ಇನ್ನೊಂದು ಕಾರ್ಯಕ್ರಮ, ಪರದೆಯ ಕಡೆಯಿಂದ ಕೋರಿಕೆ ಬಂದಾಗ, ಅದನ್ನು ಮರಕ್ಕೆ ಕಟ್ಟುತ್ತದೆ. ನಮ್ಮಲ್ಲಿರುವ ಉಬುಂಟುವಿನಲ್ಲಿ ‘ಮೀಡಿಯಾ’ ಎಂಬ ಕೋಶದೊಳಗೆ, ಫೆಡೋರಾದಂಥವುಗಳಲ್ಲಿ ‘ರನ್’ ಕೋಶದೊಳಗಿನ ‘ಮೀಡಿಯಾ’ದಲ್ಲಿ. ಇವೆಲ್ಲಕ್ಕೂ ಮೇಲ್ವಿಚಾರಕನಂತೆ ಸಿಸ್ಟಮ್‌ಡಿ ಎಂಬುದೊಂದುಂಟು. ೨೦೧೦ರಲ್ಲಿ ಹುಟ್ಟಿದ ಇದು ಇಂದು ಬಹುಪಾಲು ಲಿನಕ್ಸ್ ಹಂಚಿಕೆಗಳಲ್ಲಿ ಇದೆ. ಕಟ್ಟುವುದಕ್ಕೆ ಇಷ್ಟು ಕೈಗಳಿರುವಾಗ ಬಿಚ್ಚುವುದಕ್ಕೂ ಇಷ್ಟೇ ಕೈಗಳಿವೆಯೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ತನ್ನಷ್ಟಕ್ಕೆ ಕಳಚಿತು ಎನ್ನುವುದು ನಮ್ಮ ಮಾತು. ಯಾವುದೋ ಒಂದು ಕೈ ಅದನ್ನು ಬಿಚ್ಚಿಯೇ ಇರುತ್ತದೆ, ಅಥವಾ ಕಟ್ಟಿದ ಸಾಧನವೇ ಕೊಂಬೆಯಿಂದ ಉದುರಿರುತ್ತದೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಮೊದಲು ಹೋದದ್ದು ಯಾವುದು? ಸಾಧನ ಹೋದುದರಿಂದ ಮೌಂಟ್ ಬಿಚ್ಚಿತೆ, ಅಥವಾ ಸಾಧನ ಸ್ವಸ್ಥಾನದಲ್ಲಿಯೇ ಇದ್ದು ಮೌಂಟ್ ಮಾತ್ರ ಬಿಚ್ಚಿತೆ? ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ, ಆದರೆ ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಒಂದರ ಔಷಧ ಇನ್ನೊಂದಕ್ಕೆ ಕೊಟ್ಟರೆ ದಿನಗಟ್ಟಲೆ ಒದ್ದಾಡಬೇಕಾಗುತ್ತದೆ; ನಾನು ಒದ್ದಾಡಿದ್ದೂ ಹೀಗೆಯೇ.

ಇದನ್ನು ನಾನು ಮೊದಲು ಕೇಳಿದ್ದು ಗಣಕ ಕೊಠಡಿಯಲ್ಲಲ್ಲ. ಮನೆಗೆ ಹೋಗಿ ಸಪ್ಪೆ ಮುಖ ಹಾಕಿಕೊಂಡು ಕುಳಿತಿದ್ದಾಗ ತಂದೆಯವರು ಕಾರಣ ಕೇಳಿದರು. ಪೆನ್‌ಡ್ರೈವಿನ ವಿಚಾರ ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. “ಗೋಡೆ ತೇವ ಆದ ಕಡೆ ತೂತು ಇರಾಕಿಲ್ಲ ಕಣವ್ವ. ನೀರು ಮೊದ್ಲು ಎಲ್ಲಿ ಇಳೀತು ಅಂತ ನೋಡ್ಬೇಕು. ತೇವ ಕಂಡ ಕಡೆ ಸಿಮೆಂಟು ಮೆತ್ತಿದ್ರೆ ಸಿಮೆಂಟು ದಂಡ” ಎಂದರು. ನಾನು ಅದುವರೆಗೆ ಮಾಡಿದ್ದು ತೇವದ ಮೇಲೆ ಸಿಮೆಂಟು ಮೆತ್ತುವ ಕೆಲಸವೇ. ಡ್ರೈವನ್ನು ಫಾರ್ಮ್ಯಾಟ್ ಮಾಡಬೇಕೆಂದು ಒಬ್ಬರು, ಲಿನಕ್ಸನ್ನೇ ತೆಗೆದುಹಾಕಬೇಕೆಂದು ಇನ್ನೊಬ್ಬರು ಹೇಳಿದ್ದನ್ನು ನಾನು ಗಂಭೀರವಾಗಿ ಯೋಚಿಸುತ್ತಿದ್ದೆ.

ಮಾರನೆಯ ದಿನ ಕೊಠಡಿಯ ಸಹಾಯಕರ ಬಳಿ ಹೋಗಿ ಮೊದಲು ಹೋದದ್ದು ಏನೆಂದು ತಿಳಿಯುವುದು ಹೇಗೆಂದು ಕೇಳಿದೆ. ಅವರು ಆಶ್ಚರ್ಯದಿಂದ ನನ್ನನ್ನು ನೋಡಿ, ಕಪ್ಪು ಪರದೆಯೊಂದನ್ನು ತೆರೆದು, ‘ಡಿಎಂಇಎಸ್‌ಜಿ’ ಎಂಬ ಐದು ಅಕ್ಷರಗಳನ್ನು ಟೈಪು ಮಾಡಿದರು. ಇದು ಕರ್ನೆಲಿನ ದಿನಚರಿಯನ್ನು ತೋರಿಸುವ ಆಜ್ಞೆ. ಮುಂದೆ ಒಂದು ಅಡ್ಡಗೆರೆ ಮತ್ತು ದೊಡ್ಡ ಟಿ ಸೇರಿಸಿದರೆ ಗಡಿಯಾರದ ವೇಳೆಯನ್ನೂ ತೋರಿಸುತ್ತದೆ. ಚಿಕ್ಕ ಡಬ್ಲ್ಯು ಸೇರಿಸಿದರೆ ಘಟನೆ ನಡೆಯುತ್ತಿದ್ದಂತೆಯೇ ಸಾಲುಗಳು ಬೀಳುತ್ತ ಹೋಗುತ್ತವೆ. ಸಾಮಾನ್ಯ ವಿದ್ಯಾರ್ಥಿಯ ಖಾತೆಯಿಂದ ಕೇಳಿದರೆ ಈಚಿನ ಉಬುಂಟು ಅದನ್ನು ತೋರಿಸಲು ಒಪ್ಪುವುದಿಲ್ಲ. ಹಿಂದೆ ‘ಸುಡೊ’ ಸೇರಿಸಿ, ಅಧಿಕಾರವುಳ್ಳವರ ಗುಪ್ತಪದ ಕೊಡಬೇಕು. ಕರ್ನೆಲಿನ ಜೊತೆಗೆ ಉಳಿದ ಕಾರ್ಯಕ್ರಮಗಳ ಮಾತೂ ಬೇಕೆಂದರೆ ‘ಜರ್ನಲ್‌ಸಿಟಿಎಲ್’ ಎಂಬ ಆಜ್ಞೆಯುಂಟು.

ಪರದೆಯ ತುಂಬ ಇಂಗ್ಲಿಷು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಅಷ್ಟು ಇಂಗ್ಲಿಷನ್ನು ಒಮ್ಮೆಗೇ ಕಂಡರೆ ಇದು ತನಗೆ ಬರೆದದ್ದಲ್ಲವೆಂದು ಅನ್ನಿಸುವುದು ಸಹಜ. ಆದರೆ ಸಹಾಯಕರು ಬೆರಳಿಟ್ಟು ತೋರಿಸಿದಾಗ ತಿಳಿಯಿತು: ಸಾವಿರ ಸಾಲಿದ್ದರೂ ನಮಗೆ ಬೇಕಾದವು ಐದಾರು ಸಾಲು ಮಾತ್ರ, ಅವುಗಳಲ್ಲಿ ಹುಡುಕಬೇಕಾದ ಪದಗಳೂ ಐದಾರು ಮಾತ್ರ. ನನ್ನ ಡ್ರೈವಿನ ವಿಚಾರದಲ್ಲಿ ಮೊದಲ ಸಾಲು ‘ಯುಎಸ್‌ಬಿ ಡಿಸ್‌ಕನೆಕ್ಟ್, ಡಿವೈಸ್ ನಂಬರ್ ೭’ ಎಂದಿತ್ತು. ಅದರ ಕೆಳಗೆ ‘ಲಾಸ್ಟ್ ಅಸಿಂಕ್ ಪೇಜ್ ರೈಟ್’ ಎಂದು ಹಲವು ಸಾಲು. ಬಳಿಕ ಯುಡಿಸ್ಕ್ಸಿನ ಸಾಲು: ‘ಕ್ಲೀನಿಂಗ್ ಅಪ್ ಮೌಂಟ್ ಪಾಯಿಂಟ್’, ಆವರಣದಲ್ಲಿ ‘ಡಿವೈಸ್ ೮:೧೭ ನೋ ಲಾಂಗರ್ ಎಕ್ಸಿಸ್ಟ್ಸ್’. ಆಮೇಲೆ ಹೊಸ ಸಾಧನ ಬಂದಿದೆ, ಅದರ ಸಂಖ್ಯೆ ೮, ಹೆಸರು ಎಸ್‌ಡಿಸಿ ಎಂದು. ಕೊನೆಗೆ, ಈ ಡ್ರೈವನ್ನು ಸರಿಯಾಗಿ ಅನ್‌ಮೌಂಟ್ ಮಾಡಿರಲಿಲ್ಲ, ಮಾಹಿತಿ ಕೆಟ್ಟಿರಬಹುದು, ಎಫ್‌ಎಸ್‌ಸಿಕೆ ನಡೆಸಿ ಎಂಬ ಎಚ್ಚರಿಕೆ.

ಇದನ್ನು ಕ್ರಮವಾಗಿ ಓದಿದರೆ ಸಂಗತಿ ಕನ್ನಡಿಯಷ್ಟು ಸ್ಪಷ್ಟ. ಮೊದಲು ಹೋದದ್ದು ಸಾಧನ. ಡ್ರೈವು ಕಿಂಡಿಯಲ್ಲಿ ಚುಚ್ಚಿಕೊಂಡೇ ಇದ್ದರೂ ವಿದ್ಯುತ್ ಸಂಬಂಧ ಒಂದು ಕ್ಷಣ ಕಡಿದುಹೋಯಿತು. ಸಾಧನವೇ ಇಲ್ಲದ ಮೇಲೆ ಅದರ ಹೆಸರಿನ ಕೋಶ ಉಳಿದಿರಬಾರದೆಂದು ಯುಡಿಸ್ಕ್ಸ್ ಅದನ್ನು ತೆಗೆದುಹಾಕಿತು. ಎಂದರೆ ಯುಡಿಸ್ಕ್ಸ್ ಮಾಡಿದ್ದು ಉತ್ತರಕ್ರಿಯೆ. ಉತ್ತರಕ್ರಿಯೆ ಮಾಡಿದವನನ್ನೇ ಕೊಲೆಗಾರನೆಂದು ಹಿಡಿದುಕೊಟ್ಟ ಹಾಗಾಗಿತ್ತು ನನ್ನ ಶಾಪ! ಮರುಕ್ಷಣ ಸಂಬಂಧ ಮತ್ತೆ ಕೂಡಿತು. ಆದರೆ ಕರ್ನೆಲಿಗೆ ಅದು ಹಳೆಯ ಸಾಧನವಲ್ಲ, ಹೊಸದಾಗಿ ಬಂದ ಅತಿಥಿ. ಹಳೆಯ ಹೆಸರು ಇನ್ನೂ ಪೂರ್ತಿ ಖಾಲಿಯಾಗಿರಲಿಲ್ಲವಾದ್ದರಿಂದ ಎಸ್‌ಡಿಬಿ ಇದ್ದದ್ದು ಎಸ್‌ಡಿಸಿ ಆಯಿತು. ಹೀಗೆ ಹೆಸರು ಒಂದಕ್ಷರ ಮುಂದಕ್ಕೆ ಹೋಗಿದ್ದರೆ ನಡುವೆ ಸಂಬಂಧ ಕಡಿದಿತ್ತೆಂಬುದಕ್ಕೆ ಅದೊಂದು ಒಳ್ಳೆಯ ಗುರುತು. ‘ಎಲ್‌ಎಸ್‌ಬಿಎಲ್‌ಕೆ’ ಎಂಬ ಆಜ್ಞೆಯಿಂದ ಇದನ್ನು ಯಾರು ಬೇಕಾದರೂ ನೋಡಬಹುದು, ಗುಪ್ತಪದ ಬೇಕಿಲ್ಲ.

ಹಸಿರು ಪಟ್ಟಿ ಮುಗಿದ ಮೇಲೂ ಕಡತಗಳು ಹೇಗೆ ಹೋದವು? ‘ಲಾಸ್ಟ್ ಅಸಿಂಕ್ ಪೇಜ್ ರೈಟ್’ ಎಂಬ ಸಾಲು ಹೇಳುವುದು ಇದನ್ನೇ. ಕಿರಾಣಿ ಅಂಗಡಿಯಲ್ಲಿ ಗಿರಾಕಿಗಳ ಗಲಾಟೆಯಿರುವಾಗ ಸಾಲವನ್ನೆಲ್ಲ ಕಚ್ಚಾ ಚೀಟಿಯಲ್ಲಿ ಬರೆದುಕೊಂಡು, ರಾತ್ರಿ ಅಂಗಡಿ ಕಟ್ಟುವಾಗ ಲೆಕ್ಕದ ಪುಸ್ತಕಕ್ಕೆ ಏರಿಸುತ್ತಾರಷ್ಟೆ. ಲಿನಕ್ಸೂ ಹಾಗೆಯೇ. ಪೆನ್‌ಡ್ರೈವು ನಿಧಾನದ ವಸ್ತು. ಅದರ ಮುಂದೆ ಕಾಯುತ್ತ ನಿಲ್ಲುವ ಬದಲು ಬರೆಯಬೇಕಾದುದನ್ನು ಮೊದಲು ಯಂತ್ರದ ನೆನಪಿನಲ್ಲಿ, ಎಂದರೆ ರ‍್ಯಾಮ್‌ನಲ್ಲಿ, ಇಟ್ಟುಕೊಂಡು ಬಿಡುವಾದಂತೆ ಡ್ರೈವಿಗೆ ಇಳಿಸುತ್ತದೆ. ಹಸಿರು ಪಟ್ಟಿ ಸಾರುವುದು ಕಚ್ಚಾ ಚೀಟಿ ಬರೆದಾಯಿತೆಂಬುದನ್ನು, ಪುಸ್ತಕಕ್ಕೆ ಏರಿತೆಂಬುದನ್ನಲ್ಲ. ಕೆಲವು ಏರ್ಪಾಟುಗಳಲ್ಲಿ ಇಳಿಸುವುದು ಬೇಗನೆ ಆರಂಭವಾಗುತ್ತದೆ, ಕೆಲವುಗಳಲ್ಲಿ ಅರ್ಧ ನಿಮಿಷದಷ್ಟು ಕಾದಿದ್ದು ಆರಂಭವಾಗುತ್ತದೆ. ಡ್ರೈವು ಅಗ್ಗದ್ದಾದರೆ ಮುಗಿಯುವುದು ಇನ್ನೂ ತಡ. ‘ಸಿಂಕ್’ ಎಂಬ ಆಜ್ಞೆ ಕೊಟ್ಟರೆ ಕಚ್ಚಾ ಚೀಟಿಯೆಲ್ಲ ಪುಸ್ತಕಕ್ಕೆ ಏರುವವರೆಗೆ ಆ ಆಜ್ಞೆ ಹಿಂತಿರುಗುವುದಿಲ್ಲ. ಇಜೆಕ್ಟ್ ಗುಂಡಿ ಒತ್ತಿದಾಗ ಡ್ರೈವನ್ನು ತೆಗೆಯಬಹುದೆಂಬ ಅನುಮತಿ ಬರಲು ಕೆಲವೊಮ್ಮೆ ಒಂದು ನಿಮಿಷವಾಗುವುದೂ ಇದೇ ಕಾರಣದಿಂದ. ಆ ಒಂದು ನಿಮಿಷವನ್ನು ಸಹಿಸದೆ ಕಿತ್ತು ಜೇಬಿಗಿಟ್ಟುಕೊಂಡು ಬಸ್ಸಿಗೆ ಓಡುವವರು ನಮ್ಮಲ್ಲಿ ಎಷ್ಟು ಮಂದಿಯೋ!

ಸಾಧನವೇ ಹೋಗಿದೆಯೆಂದು ತಿಳಿದ ಮೇಲೆ ದೋಷ ಡ್ರೈವಿನಲ್ಲಿಯೋ ಕಿಂಡಿಯಲ್ಲಿಯೋ ನೋಡಬೇಕು. ಇದಕ್ಕೆ ಯಾವ ವಿದ್ಯೆಯೂ ಬೇಡ, ಅದಲು ಬದಲು ಮಾಡುವ ತಾಳ್ಮೆ ಸಾಕು. ನನ್ನ ಡ್ರೈವನ್ನು ಯಂತ್ರದ ಹಿಂಬದಿಯ ಕಿಂಡಿಗೆ ಹಾಕಿ ಒಂದು ವಾರ ಬಳಸಿದೆ, ಒಮ್ಮೆಯೂ ಕಳಚಲಿಲ್ಲ. ಗೆಳತಿಯ ಡ್ರೈವನ್ನು ಮುಂಬದಿಯ ಅದೇ ಕಿಂಡಿಗೆ ಹಾಕಿದಾಗ ಹತ್ತು ನಿಮಿಷದಲ್ಲಿ ಕಳಚಿತು. ಅಲ್ಲಿಗೆ ತೀರ್ಮಾನವಾಯಿತು. ಸಹಾಯಕರು ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ ನೋಡಿದರೆ, ಮುಂಬದಿಯ ಕಿಂಡಿಯಿಂದ ಮದರ್‌ಬೋರ್ಡಿಗೆ ಹೋಗುವ ತಂತಿಯ ಕೊಂಡಿ ಅರ್ಧ ಮೇಲೆದ್ದಿತ್ತು. ಬೆರಳಿನಿಂದ ಒತ್ತಿದರು, ಕಟ್ ಎಂದು ಕೂತಿತು. ಲಿನಕ್ಸಿನ ಮೇಲೆ ನಾವೆಲ್ಲ ಹೊರಿಸಿದ ಅಪವಾದ ಅಷ್ಟಕ್ಕೆ ಪರಿಹಾರವಾಯಿತು.

ಎಲ್ಲ ಸಂದರ್ಭದಲ್ಲಿಯೂ ಇಷ್ಟು ಸುಲಭವಲ್ಲ. ಸ್ವಂತ ವಿದ್ಯುತ್ ಇಲ್ಲದ ಹೊರ ಹಾರ್ಡ್‌ಡಿಸ್ಕುಗಳು ಕಿಂಡಿಯಿಂದಲೇ ವಿದ್ಯುತ್ ಪಡೆಯಬೇಕು. ಯುಎಸ್‌ಬಿ ೨ರ ಕಿಂಡಿ ನಿಯಮದಂತೆ ಕೊಡುವುದು ೫೦೦ ಮಿಲಿಆಂಪಿಯರ್, ಯುಎಸ್‌ಬಿ ೩ರದ್ದು ೯೦೦. ಡಿಸ್ಕು ತಿರುಗಲು ಆರಂಭಿಸುವ ಕ್ಷಣದಲ್ಲಿ ಅದರ ಹಸಿವು ಹೆಚ್ಚು. ಒಂದೇ ಕಿಂಡಿಗೆ ಹಬ್ಬು ಹಾಕಿ ಅದರಿಂದ ನಾಲ್ಕು ಸಾಧನ ನೇತುಹಾಕಿದರೆ ಆ ವಿದ್ಯುತ್ತನ್ನೇ ನಾಲ್ವರೂ ಹಂಚಿಕೊಳ್ಳಬೇಕು. ಅಂಥಲ್ಲಿ ದಿನಚರಿಯಲ್ಲಿ ‘ಓವರ್-ಕರೆಂಟ್’ ಎಂದೋ, ಡಿಸ್‌ಕನೆಕ್ಟ್‌ಗೆ ಮುಂಚೆ ಮತ್ತೆ ಮತ್ತೆ ‘ರೀಸೆಟ್’ ಎಂದೋ ಕಾಣಬಹುದು. ರೀಸೆಟ್ ಎಂಬುದು ಸಾವಲ್ಲ, ಸನ್ನಿ. ಸ್ವಂತ ವಿದ್ಯುತ್ತುಳ್ಳ ಹಬ್ಬು, ಗಿಡ್ಡ ಮತ್ತು ದಪ್ಪ ತಂತಿ, ಇವೆರಡರಿಂದಲೇ ಅನೇಕ ವೇಳೆ ಗುಣವಾಗುತ್ತದೆ. ಲ್ಯಾಪ್‌ಟಾಪುಗಳಲ್ಲಿ ವಿದ್ಯುತ್ ಉಳಿಸಲೆಂದು ಸುಮ್ಮನಿರುವ ಯುಎಸ್‌ಬಿ ಸಾಧನವನ್ನು ಮಲಗಿಸುವ ಏರ್ಪಾಟೂ ಉಂಟು. ಕೆಲವು ಸಾಧನಗಳು ಮಲಗಿದರೆ ಸರಿಯಾಗಿ ಏಳುವುದಿಲ್ಲ. ಪವರ್‌ಟಾಪ್‌ನಂಥ ಉಳಿತಾಯದ ಕಾರ್ಯಕ್ರಮ ಹಾಕಿದಾಗಿನಿಂದ ತೊಂದರೆ ಶುರುವಾಗಿದ್ದರೆ ಮೊದಲು ಇದನ್ನೇ ಶಂಕಿಸಬೇಕು. ಆ ಸಾಧನದ ‘ಪವರ್’ ಕೋಶದೊಳಗೆ ‘ಕಂಟ್ರೋಲ್’ ಎಂಬ ಕಡತದಲ್ಲಿ ‘ಆಟೋ’ ಎಂದಿರುವುದನ್ನು ‘ಆನ್’ ಎಂದು ಬದಲಿಸಿದರೆ ನಿದ್ರೆ ತಪ್ಪುತ್ತದೆ. ಇನ್ನು ಕೆಲವು ಹಾರ್ಡ್‌ಡಿಸ್ಕ್ ಪೆಟ್ಟಿಗೆಗಳಿಗೆ ಯುಎಎಸ್ ಎಂಬ ವೇಗದ ಮಾತುಕತೆಯ ಕ್ರಮ ಒಗ್ಗುವುದಿಲ್ಲ. ಕರ್ನೆಲಿಗೆ ಹೇಳಿ ಆ ಒಂದು ಪೆಟ್ಟಿಗೆಗೆ ಮಾತ್ರ ಹಳೆಯ ಕ್ರಮವನ್ನೇ ಬಳಸುವಂತೆ ಮಾಡಬಹುದು. ಇದು ಬಲ್ಲವರ ಕೈಯಲ್ಲಿ ಮಾಡಿಸುವ ಕೆಲಸ.

ಈಗ ಎರಡನೆಯ ಬಗೆ: ಸಾಧನ ಅಲುಗಾಡದೆ ಇದೆ, ಮೌಂಟ್ ಮಾತ್ರ ಬಿಚ್ಚುತ್ತಿದೆ. ಇದರ ಉದಾಹರಣೆಯೂ ಅದೇ ತಿಂಗಳು ನಮ್ಮ ಕೊಠಡಿಯಲ್ಲಿಯೇ ಸಿಕ್ಕಿತು. ಇಲಾಖೆಯೊಂದರ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಟಿಪ್ಪಣಿಗಳನ್ನೂ ಇಟ್ಟಿದ್ದ ಹೊರ ಡಿಸ್ಕು ಹಾಳಾಗಿ, ಅದರ ಸ್ಥಾನಕ್ಕೆ ಹೊಸದನ್ನು ತಂದಿದ್ದರು. ಹೊಸ ಡಿಸ್ಕನ್ನು ಮೌಂಟ್ ಮಾಡಿದರೆ ಯಂತ್ರ ಯಾವ ತಕರಾರೂ ಹೇಳದೆ ಒಪ್ಪಿಕೊಳ್ಳುತ್ತಿತ್ತು. ಕೋಶ ತೆರೆದರೆ ಖಾಲಿ. ಮತ್ತೆ ಮೌಂಟ್, ಮತ್ತೆ ಖಾಲಿ. ಅಧ್ಯಾಪಕರೊಬ್ಬರು, ಹೊಸ ಡಿಸ್ಕೂ ಕೆಟ್ಟದ್ದೇ, ಅಂಗಡಿಗೆ ಹಿಂತಿರುಗಿಸಿ ಎಂದುಬಿಟ್ಟರು.

ನಾನು ಆಗ ತಾನೆ ವಿದ್ಯೆ ಕಲಿತ ಹುರುಪಿನಲ್ಲಿದ್ದೆ. ಸ್ವಲ್ಪ ಸಂಕೋಚದಿಂದ, “ಸಾರ್, ದಿನಚರಿ ಒಂದು ಸಲ ನೋಡೋಣವೆ?” ಎಂದೆ. ಕರ್ನೆಲಿನ ಸಾಲುಗಳಲ್ಲಿ ಡಿಸ್‌ಕನೆಕ್ಟ್ ಎಂಬ ಪದವೇ ಇರಲಿಲ್ಲ. ರೀಸೆಟ್ಟೂ ಇಲ್ಲ. ಎಲ್‌ಎಸ್‌ಬಿಎಲ್‌ಕೆ ಪಟ್ಟಿಯಲ್ಲಿ ಡಿಸ್ಕು ನೆಮ್ಮದಿಯಾಗಿ ಕುಳಿತಿತ್ತು. ಜರ್ನಲಿನಲ್ಲಿ ಮಾತ್ರ ಸಿಸ್ಟಮ್‌ಡಿಯ ಒಂದು ಸಾಲು ಪ್ರತಿ ಸಲವೂ ಮೌಂಟ್‌ನ ಬೆನ್ನಿಗೇ ಬಂದಿತ್ತು: ಈ ಮೌಂಟ್ ಇಂಥ ಸಾಧನಕ್ಕೆ ‘ಬೌಂಡ್’ ಆಗಿದೆ, ಆ ಸಾಧನ ‘ಇನ್‌ಆಕ್ಟಿವ್’, ‘ಸ್ಟಾಪಿಂಗ್, ಟೂ’ ಎಂದು. ಸಾಧನವಿಲ್ಲವಾದ್ದರಿಂದ ಇದನ್ನೂ ನಿಲ್ಲಿಸುತ್ತೇನೆ ಎಂಬುದು ಅದರ ಅರ್ಥ. ಆದರೆ ಸಾಧನ ಕಣ್ಣೆದುರಿಗೇ ಇದೆಯಲ್ಲ!

ಗುಟ್ಟು ಇಷ್ಟು. ಯಂತ್ರ ಆರಂಭವಾದಾಗ ಯಾವ ಡಿಸ್ಕನ್ನು ಎಲ್ಲಿ ಕಟ್ಟಬೇಕೆಂಬ ಪಟ್ಟಿ ‘ಇಟಿಸಿ’ ಕೋಶದ ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿ ಇರುತ್ತದೆ. ಪ್ರತಿ ಡಿಸ್ಕಿನ ವಿಭಾಗಕ್ಕೂ ಯುಯುಐಡಿ ಎಂಬ ಬೇರೆ ಬೇರೆ ಗುರುತಿನ ಸಂಖ್ಯೆ ಇದ್ದು, ಪಟ್ಟಿಯಲ್ಲಿ ಬರೆಯುವುದು ಅದನ್ನೇ. ರೇಷನ್ ಕಾರ್ಡಿನಲ್ಲಿ ಮನೆಯವರ ಹೆಸರಿನ ಜೊತೆ ಆಧಾರ್ ಸಂಖ್ಯೆ ಸೇರಿಸಿದ ಹಾಗೆ. ಹೊಸ ಡಿಸ್ಕು ಬಂದಾಗ ಪಟ್ಟಿಯಲ್ಲಿ ಹಳೆಯ ಸಂಖ್ಯೆ ಅಳಿಸಿ ಹೊಸದನ್ನು ಸರಿಯಾಗಿಯೇ ಬರೆದಿದ್ದರು. ಮೌಂಟ್ ಆಜ್ಞೆ ಹೊಸ ಪಟ್ಟಿಯನ್ನು ಓದಿ ಹೊಸ ಡಿಸ್ಕನ್ನು ಕಟ್ಟಿತು. ಆದರೆ ಸಿಸ್ಟಮ್‌ಡಿ ಹಿಂದೆ ಓದಿಕೊಂಡಿದ್ದ ಹಳೆಯ ಪಟ್ಟಿಯನ್ನೇ ಮನಸ್ಸಿನಲ್ಲಿಟ್ಟುಕೊಂಡಿತ್ತು. ಅದರ ಪ್ರಕಾರ ಆ ಸ್ಥಳ ಹಳೆಯ ಡಿಸ್ಕಿಗೆ ಸೇರಿದ್ದು. ಹಳೆಯ ಡಿಸ್ಕು ಈಗ ಇಲ್ಲ. ಆದ್ದರಿಂದ ಅಲ್ಲಿ ಯಾವ ಮೌಂಟೂ ಇರಕೂಡದು. ಕಟ್ಟಿದ ಕ್ಷಣವೇ ಬಿಚ್ಚಿತು. ವರ್ಗವಾಗಿ ಹೋದವರ ಹೆಸರಿನ ಬೀಗ ಇನ್ನೂ ಬಾಗಿಲಲ್ಲಿ ಇರುವಾಗ ಹೊಸಬರ ಸಾಮಾನನ್ನು ಜವಾನ ಹೊರಗಿಟ್ಟಂತೆ ಎನ್ನಬಹುದು. ಜವಾನನದು ತಪ್ಪಲ್ಲ, ಅವನಿಗೆ ಹೊಸ ಆದೇಶ ಮುಟ್ಟಿಲ್ಲ.

ಆದೇಶ ಮುಟ್ಟಿಸುವ ಆಜ್ಞೆ ‘ಸಿಸ್ಟಮ್‌ಸಿಟಿಎಲ್ ಡೀಮನ್-ರಿಲೋಡ್’. ಅದನ್ನು ಕೊಟ್ಟು ಮತ್ತೆ ಮೌಂಟ್ ಮಾಡಿದಾಗ ಡಿಸ್ಕು ನಿಂತಿತು. ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿದ್ದರೂ ಸರಿಹೋಗುತ್ತಿತ್ತು. ಸರಿಹೋದದ್ದು ಏಕೆಂದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಈಚಿನ ಆವೃತ್ತಿಗಳಲ್ಲಿ ಎಫ್‌ಎಸ್‌ಟ್ಯಾಬ್ ಬದಲಾಗಿದೆ, ಡೀಮನ್-ರಿಲೋಡ್ ಮಾಡಿ ಎಂದು ಮೌಂಟ್ ಆಜ್ಞೆಯೇ ಸೂಚನೆ ಕೊಡುತ್ತದೆ. ನಮ್ಮ ಕೊಠಡಿಯದು ಹಳೆಯ ಆವೃತ್ತಿ.

ಎರಡನೆಯ ಬಗೆಯಲ್ಲಿ ರೋಗವಲ್ಲದ ರೋಗವೊಂದೂ ಉಂಟು. ಬಳಸದೆ ಇಷ್ಟು ಹೊತ್ತು ಬಿಟ್ಟರೆ ತಾನೇ ಬಿಚ್ಚಬೇಕೆಂದು, ಮತ್ತೆ ತೆರೆದಾಗ ತಾನೇ ಕಟ್ಟಬೇಕೆಂದು ಬೇಕೆಂದೇ ಹೇಳಿಟ್ಟಿರುವುದುಂಟು. ಆಟೋಎಫ್‌ಎಸ್ ಎಂಬ ಕಾರ್ಯಕ್ರಮದ ಕೆಲಸವೇ ಅದು. ಎಫ್‌ಎಸ್‌ಟ್ಯಾಬಿನಲ್ಲಿ ‘ಐಡಲ್-ಟೈಮೌಟ್’ ಎಂದು ಸೇರಿಸಿದರೂ ಅದೇ ಆಗುತ್ತದೆ. ಕಳಚುವುದು ಗಡಿಯಾರ ಹಿಡಿದಂತೆ ಒಂದೇ ಅಂತರದಲ್ಲಿ ನಡೆಯುತ್ತಿದ್ದರೆ, ಹಿಂದಿನವರು ಯಾರೋ ಹಾಕಿದ ಗಡುವು ಇರಬೇಕೆಂದು ಹುಡುಕಬೇಕು. ಸಡಿಲ ತಂತಿಗೆ ಗಡಿಯಾರ ತಿಳಿಯದು.

ಡ್ರೈವು ಕಾಣುತ್ತಿದ್ದು ಬರೆಯಲು ಮಾತ್ರ ಬಿಡದಿದ್ದರೆ ಅದು ಬೇರೆ ಸಂಗತಿ. ಕಡತಗಳ ವ್ಯವಸ್ಥೆಯಲ್ಲಿ ಲೋಪ ಕಂಡಾಗ ಇನ್ನಷ್ಟು ಹಾಳಾಗದಿರಲೆಂದು ಲಿನಕ್ಸ್ ಅದನ್ನು ‘ರೀಡ್-ಓನ್ಲಿ’ ಮಾಡಿಬಿಡುತ್ತದೆ. ಆಗ ಒಳಗಿರುವುದನ್ನು ಮೊದಲು ಬೇರೆ ಕಡೆಗೆ ನಕಲು ಮಾಡಿಕೊಂಡು, ಅನ್‌ಮೌಂಟ್ ಮಾಡಿ, ಆಮೇಲೆ ಎಫ್‌ಎಸ್‌ಸಿಕೆ ನಡೆಸಬೇಕು. ಮೌಂಟ್ ಆಗಿರುವ ಡ್ರೈವಿನ ಮೇಲೆ ಅದನ್ನು ನಡೆಸುವುದು ಓಡುವ ಬಂಡಿಯ ಕೀಲು ತೆಗೆದಂತೆ.

ನನ್ನ ಮೂರು ಕಡತಗಳ ಕಥೆ ಇನ್ನೂ ಉಳಿದಿದೆ. ಪೆನ್‌ಡ್ರೈವಿನಲ್ಲಿ ಅವು ಬರೆದೇ ಇರಲಿಲ್ಲವಾದ್ದರಿಂದ ಅಲ್ಲಿ ಹುಡುಕಿ ಫಲವಿರಲಿಲ್ಲ. ಸಹಾಯಕರು ಮೊಬೈಲಿನ ಕಾರ್ಡನ್ನು ಕೇಳಿದರು. ಕಡತವನ್ನು ಅಳಿಸಿದಾಗ ಸಾಮಾನ್ಯವಾಗಿ ಅಂಥ ಕಾರ್ಡಿನಲ್ಲಿ ಹೋಗುವುದು ಅದರ ವಿಳಾಸ ಮಾತ್ರ. ಅದೇ ಜಾಗದಲ್ಲಿ ಬೇರೆಯದನ್ನು ಬರೆಯುವವರೆಗೆ ಒಳಗಿನ ಮಾಹಿತಿ ಇದ್ದೇ ಇರುತ್ತದೆ. ಫೋಟೋರೆಕ್ ಎಂಬ ಉಚಿತ ಕಾರ್ಯಕ್ರಮ ಹೆಸರು ವಿಳಾಸಗಳನ್ನು ನೆಚ್ಚದೆ ನೇರವಾಗಿ ಮಾಹಿತಿಯ ಚಹರೆಯನ್ನು ನೋಡಿ ಕಡತವನ್ನು ಎತ್ತಿಕೊಡುತ್ತದೆ. ಹೆಸರಿನಲ್ಲಿ ಫೋಟೋ ಇದ್ದರೂ ಧ್ವನಿಯ ಕಡತಗಳನ್ನೂ ಬಲ್ಲದು. ಅದನ್ನು ಸುಮಾರು ಒಂದು ಗಂಟೆ ಓಡಿಸಿದಾಗ ಎರಡು ಕಡತಗಳು ಪೂರ್ತಿಯಾಗಿ ದೊರೆತವು. ಮೂರನೆಯದು, ೨೨ ನಿಮಿಷದ್ದು, ಮೊದಲ ನಾಲ್ಕು ನಿಮಿಷ ಮಾತ್ರ ಬಂದಿತು. ನಾನು ಅಳಿಸಿದ ದಿನ ಸಾಯಂಕಾಲ ತಮ್ಮ ಅದೇ ಮೊಬೈಲಿನಲ್ಲಿ ಜಾತ್ರೆಯ ತೇರಿನ ವಿಡಿಯೋ ತೆಗೆದಿದ್ದ. ಕಾರ್ಡಿನಲ್ಲಿ ತೆರವಾಗಿದ್ದ ಜಾಗಕ್ಕೆ ತೇರು ಬಂದು ನಿಂತಿತ್ತು. ಏನಾದರೂ ಕಳೆದಿದೆಯೆಂದು ತಿಳಿದ ಕೂಡಲೆ ಆ ಕಾರ್ಡನ್ನು ಹೊರಗೆ ತೆಗೆದಿಡಬೇಕಾಗಿತ್ತು. ನನಗೆ ತಿಳಿದಿರಲಿಲ್ಲ, ಅವನಿಗಂತೂ ತಿಳಿಯುವ ಕಾರಣವೇ ಇರಲಿಲ್ಲ.

ಈಗ ನಕಲು ಮಾಡಿದ ಮೇಲೆ ಸಿಂಕ್ ಕೊಡುತ್ತೇನೆ, ಇಜೆಕ್ಟ್ ಮಾಡುತ್ತೇನೆ, ಡ್ರೈವನ್ನು ಮತ್ತೆ ಚುಚ್ಚಿ ‘ಎಸ್‌ಎಚ್‌ಎ೨೫೬ಸಮ್’ ಎಂಬ ಆಜ್ಞೆಯಿಂದ ಮೂಲಕ್ಕೂ ನಕಲಿಗೂ ಒಂದೇ ಮೊತ್ತ ಬರುತ್ತದೆಯೇ ಎಂದು ತಾಳೆ ನೋಡುತ್ತೇನೆ. ಆಮೇಲೆಯೇ ಮೂಲವನ್ನು ಅಳಿಸುವ ಮಾತು. ಗೆಳತಿಯರು ಇದನ್ನು ಮಡಿ ಎಂದು ಹಾಸ್ಯ ಮಾಡುತ್ತಾರೆ.

ಕಳೆದ ತಿಂಗಳು ನೀರುಗಂಟಿ ತಾತನ ಬಳಿಗೆ ಮತ್ತೆ ಹೋಗಿ, ಬರಗಾಲದಲ್ಲಿ ನೀರು ಹಂಚಿದ್ದನ್ನು ಇನ್ನೊಂದು ಸಲ ಹೇಳಬೇಕೆಂದು ಕೇಳಿಕೊಂಡೆ. “ಆವತ್ತೇ ಹೇಳಿದ್ನಲ್ಲ ಮಗಾ, ಎಲ್ಲೋಯ್ತು ಅದು?” ಎಂದ. ತಂತಿಯ ಕೊಂಡಿ ಸಡಿಲವಾಗಿತ್ತು ತಾತ ಎಂದೆ. ಅವನು ತಲೆಯಾಡಿಸಿ ಹೇಳಲ್ಪಕ್ರಮಿಸಿದ. ಮೊದಲ ಸಲ ಹೇಳಿದಾಗ ಇದ್ದ ಇಬ್ಬರ ಹೆಸರು ಈ ಸಲ ಬರಲಿಲ್ಲ. ಜಗಳದ ಭಾಗವನ್ನು ಅವನೇ ಬಿಟ್ಟುಬಿಟ್ಟ. ಹದಿಮೂರು ನಿಮಿಷಕ್ಕೆ ಕಥೆ ಮುಗಿಯಿತು. ಪ್ರಬಂಧದಲ್ಲಿ ಆ ಭಾಗಕ್ಕೆ ‘ಎರಡನೆಯ ನಿರೂಪಣೆ’ ಎಂದು ಗುರುತು ಹಾಕಿ ಸೇರಿಸಿದ್ದೇನೆ.